ಆಶು ಹಡಗು ಹತ್ತಲಿಲ್ಲ

ಮನೆ ಮಾರಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು, ಒಂದು ಹಾಯಿದೋಣಿ ಕೊಂಡು ಕೆರಿಬಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಾ ಬದುಕುವ ಗಂಡ-ಹೆಂಡಿರ ವಿಡಿಯೋಗಳು ಈಗ ಬೇಕಾದಷ್ಟು. ನೀವೂ ನೋಡಿರಬಹುದು. ಗಂಡ ಹಾಯಿ ಬಿಗಿಯುತ್ತಾನೆ, ಹೆಂಡತಿ ಚುಕ್ಕಾಣಿ ಹಿಡಿಯುತ್ತಾಳೆ, ಮರುದಿನ ಅದಲು ಬದಲು. ಜೂನ್ ಬಂತೆಂದರೆ ಚಂಡಮಾರುತದ ಹೆದರಿಕೆ. ಗ್ರೆನಡಾ, ಟ್ರಿನಿಡಾಡ್ ಕಡೆಗೆ ಇಳಿದು ನವೆಂಬರ್ ಮುಗಿಯುವ ತನಕ ಕಾಯುತ್ತಾರೆ. ಇಷ್ಟರಲ್ಲಿ ನಮಗೆ ಹೊಸತೇನೂ ಇಲ್ಲ ಮಾರಾಯ್ರೆ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಮೀನು ಮರಿ ಹಾಕಲಿ ಎಂಬ ಸರಕಾರದ ನಿಷೇಧ ಇತ್ತೀಚಿನದು. ಮಳೆಗಾಲದ ಕಡಲಿಗೆ ಇಳಿಯಬಾರದು ಎಂಬ ಬುದ್ಧಿ ಹಾಯಿಯ ಕಾಲದ್ದು. ಆ ವಿಡಿಯೋಗಳಲ್ಲಿ ನಮಗೆ ಹೊಸತಾಗಿ ಕಾಣುವುದು ಹೆಂಡತಿಯೂ ದೋಣಿಯಲ್ಲಿರುವುದು, ಅಷ್ಟೇ.

ನಮ್ಮಲ್ಲಿ ಗಂಡಸರು ಕಡಲಿಗೆ, ಹೆಂಗಸರು ಬುಟ್ಟಿ ಹೊತ್ತು ಪೇಟೆಗೆ. ಮಲ್ಪೆಯಾಗಲಿ ಕಾಪುವಾಗಲಿ, ಕ್ರಮ ಅದೇ. ಕಾಪುವಿನ ದೀಪಸ್ತಂಭ 1901ರದ್ದು. ಅದಕ್ಕಿಂತ ಏಳೆಂಟು ನೂರು ವರ್ಷ ಮೊದಲೇ ಏಡನ್ನಿನ ಹಡಗುಗಳು ಈ ತೀರಕ್ಕೆ ಬರುತ್ತಿದ್ದವು, ಘಟ್ಟದ ಕಾಳುಮೆಣಸು ಹೊತ್ತು ಹಿಂತಿರುಗುತ್ತಿದ್ದವು. ಆ ಹಾಯಿಗಳ ಕೆಳಗೆ ಗಂಡ-ಹೆಂಡತಿ ಜೊತೆಯಾಗಿ ಕೂತದ್ದುಂಟೇ ಅಂತ ಹುಡುಕುತ್ತಾ ಹೋದರೆ ಎರಡು ಜೋಡಿಗಳು ಎದುರಾಗುತ್ತವೆ. ಎರಡರ ಕತೆಯೂ ವಿಚಿತ್ರವೇ.

ಮೊದಲನೆಯದು ಹನ್ನೆರಡನೆಯ ಶತಮಾನದ್ದು. ತುಳುನಾಡಿನಲ್ಲಿ ಆಗ ಆಳುಪರ ಆಳ್ವಿಕೆ. ಈಗಿನ ಟ್ಯುನೀಶಿಯಾದ ಮಹ್ದಿಯಾ ಎಂಬ ಊರಿನ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಏಡನ್ನಿಗೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದು, ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲೇ ಉಳಿದ. ಇವನ ಬಗ್ಗೆ ನಮಗೆ ಗೊತ್ತಾದದ್ದು ಕೈರೋದ ಹಳೆಯ ಸಿನಗಾಗಿನ ಒಂದು ಕೋಣೆಯಿಂದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು ಅಂತ ಅಲ್ಲಿಯವರು ಪತ್ರ, ಲೆಕ್ಕ, ಚೀಟಿ ಎಲ್ಲವನ್ನೂ ಅಲ್ಲಿ ತುಂಬಿಡುತ್ತಿದ್ದರು. ಎಸ್. ಡಿ. ಗೊಯಿಟೈನ್ ಎಂಬ ವಿದ್ವಾಂಸರು ಆ ರಾಶಿಯಿಂದ ಹಿಂದೂ ಮಹಾಸಾಗರದ ವ್ಯಾಪಾರಿಗಳ ಕಾಗದಗಳನ್ನು ಹೆಕ್ಕಿ ಓದಿದರು. ಮುಂದೆ ಅಮಿತಾವ್ ಘೋಷ್ ಅದೇ ಜಾಡು ಹಿಡಿದು ಮಂಗಳೂರಿಗೆ ಬಂದು, ಬಿ. ಎ. ವಿವೇಕ ರೈ ಅವರಂಥ ತುಳು ವಿದ್ವಾಂಸರನ್ನು ಕೇಳಿ ತಿಳಿದು, 1992ರಲ್ಲಿ ಪುಸ್ತಕ ಬರೆದರು.

ಬೆನ್ ಯಿಜು ಇಲ್ಲಿಂದ ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಅವನದ್ದೊಂದು ಕಂಚಿನ ಕೆಲಸದ ಕಾರ್ಖಾನೆಯೂ ಇತ್ತು. ಏಡನ್ನಿನವರು ಒಡೆದ ಪಾತ್ರೆಗಳನ್ನು ಕಳಿಸಿ ಹೊಸತು ಮಾಡಿಸಿಕೊಳ್ಳುತ್ತಿದ್ದರು. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಇವೆಲ್ಲದಕ್ಕೂ ಲೆಕ್ಕ ಉಂಟು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಒಂದು ಪತ್ರ ಬರೆಸಿದ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅದು. ಅದರಲ್ಲಿ ಅವಳಿಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೊಸ ಹೆಸರು. ಮದುವೆಯ ಪತ್ರ ಸಿಕ್ಕಿಲ್ಲ. ಆದರೆ ಅವನು ಮದುವೆಯಾದದ್ದು ಇವಳನ್ನೇ, ಅವನ ಮಕ್ಕಳ ತಾಯಿ ಇವಳೇ ಎಂಬುದು ವಿದ್ವಾಂಸರ ತೀರ್ಮಾನ. ಅಕ್ಟೋಬರ್ ಅಂದರೆ ಮಳೆ ಬಿಟ್ಟು ಏಡನ್ನಿನ ಹಡಗುಗಳು ಬಂದು ಮುಟ್ಟುವ ಸಮಯ ಎಂಬುದನ್ನೂ ನೆನಪಿಡಿ. ಲೆಕ್ಕದ ಕಾಗದದಲ್ಲಿ ಅವಳ ಅಣ್ಣನೋ ತಮ್ಮನೋ ಒಬ್ಬನ ಹೆಸರೂ ಇದೆ: ನಾಯರ್. ಇದರಿಂದ ಅವಳು ನಾಯರ್ ಮನೆತನದವಳು ಎಂದು ಊಹಿಸಿದವರಿದ್ದಾರೆ. ಹೆಂಡತಿಯ ಸಹೋದರ ವ್ಯಾಪಾರದ ಲೆಕ್ಕದೊಳಗೆ ಬಂದದ್ದು ಹೊರಗಿನ ಓದುಗರಿಗೆ ಆಶ್ಚರ್ಯ. ಅಳಿಯಕಟ್ಟಿನ ಊರಿನವರಾದ ನಮಗೆ ಅದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಬೆನ್ ಯಿಜುವಿನ ಹತ್ತಿರ ಬೊಮ್ಮ ಎಂಬ ಆಳೊಬ್ಬನಿದ್ದ. ಕಾಗದದ ಲೆಕ್ಕದಲ್ಲಿ ದಾಸನೇ, ಆದರೂ ಯಜಮಾನನ ಪರವಾಗಿ ಹಡಗು ಹತ್ತಿ ಏಡನ್ನಿಗೆ ಹೋಗಿ ವ್ಯಾಪಾರ ಮಾಡಿ ಬರುತ್ತಿದ್ದ. ಒಂದು ಸಲ ಅಲ್ಲಿ ಕುಡಿದು ರಂಪ ಮಾಡಿದನೆಂಬ ದೂರು ಕೂಡ ಪತ್ರದಲ್ಲಿದೆ. ಏಡನ್ನಿನ ದೊಡ್ಡ ದೊಡ್ಡ ವ್ಯಾಪಾರಿಗಳು ಇವನಿಗೆ ನಮಸ್ಕಾರ ತಿಳಿಸುತ್ತಿದ್ದರು. ಅಂದರೆ ಈ ಮನೆಯಲ್ಲಿ ಯಜಮಾನ ಕಡಲು ದಾಟಿದ್ದು ಗೊತ್ತು, ಆಳು ದಾಟಿದ್ದು ಗೊತ್ತು, ಒಡಕು ಪಾತ್ರೆ ದಾಟಿದ್ದೂ ಗೊತ್ತು. ಆಶು ದಾಟಿದ್ದು ಎಲ್ಲೂ ಇಲ್ಲ.

1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟ. ಊರಿಗೆ ಹೊರಡುವಾಗ ಮಾಡಿಕೊಂಡ ಸಾಮಾನಿನ ಪಟ್ಟಿಯೊಂದು ಉಳಿದಿದೆ. ಎಲಿಜಬೆತ್ ಲ್ಯಾಂಬೋರ್ನ್ ಅದರ ಮೇಲೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಅಕ್ಕಿ, ಉಪ್ಪಿನಕಾಯಿ, ಪಾತ್ರೆ ಪಗಡ, ಹೀಗೆ. ಏಡನ್ ಮುಟ್ಟಿದ ಮೇಲೆ ಅಣ್ಣತಮ್ಮಂದಿರಿಗೆ ಬರೆದ ಪತ್ರದಲ್ಲಿ ತಾನು, ತನ್ನ ಇಬ್ಬರು ಮಕ್ಕಳು, ತನ್ನ ಸಂಪತ್ತು ಕ್ಷೇಮ ಎಂದಿದೆ. ಮಕ್ಕಳ ತಾಯಿಯ ಮಾತಿಲ್ಲ.

ಸತ್ತಿದ್ದಳೋ ಏನೋ ಅಂತ ಹೇಳಿ ಮುಂದೆ ಹೋಗಬಹುದು. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬದವರು. ತಂದೆ ಎಷ್ಟು ದೊಡ್ಡವನಾದರೂ ಆ ಮನೆಗೆ ನೆಂಟ. ಬೆನ್ ಯಿಜುವಿನ ಲೋಕದಲ್ಲಿ ಮಕ್ಕಳು ತಂದೆಯ ಕುಲದವರು. ಆಶು ಹುಟ್ಟಿದ ಮನೆ ನಿಜಕ್ಕೂ ಅಂಥದ್ದಾಗಿದ್ದರೆ, ಆ ವರ್ಷ ಹಡಗು ಹತ್ತಿದ್ದು ಒಂದು ಕುಟುಂಬದ ಮುಂದಿನ ತಲೆಮಾರೇ. ಅದರ ಬಗ್ಗೆ ನಾಯರ್ ಏನು ಹೇಳಿದ ಎಂಬುದಕ್ಕೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ ಬಿಡಿ. ಮಗ ಯೆಮನ್ನಿನಲ್ಲಿ ತೀರಿಕೊಂಡ. ಮಗಳು ಸಿತ್ತ್ ಅಲ್-ದಾರ್ 1156ರಲ್ಲಿ ಈಜಿಪ್ಟಿನ ಫುಸ್ತಾತಿನಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಕಡೆಯ ಹುಡುಗನನ್ನೇ ಮದುವೆಯಾದಳು.

ಎರಡನೆಯ ಜೋಡಿಗೆ ಬರೋಣ. ಇದು ಸುಮಾರು ಐನೂರು ವರ್ಷ ಈಚಿನದು, ಕೆಳದಿ ಅರಸರ ಕಾಲ. ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಊರಿನಲ್ಲಿ ಪ್ರೀತಿ ಮುರಿದುಬಿದ್ದು ದೇಶಾಂತರ ಹೊರಟವನು. 1616ರಲ್ಲಿ ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. ಇವರದ್ದು ನಿಜಕ್ಕೂ ಜೋಡಿ ಪಯಣ; ಪರ್ಷಿಯಾವನ್ನೆಲ್ಲ ಒಟ್ಟಿಗೆ ತಿರುಗಿದರು. ಇನ್ನೇನು ಹಡಗು ಹತ್ತಿ ಭಾರತದ ದಾರಿಯಾಗಿ ರೋಮಿಗೆ ಹೋಗುವುದು ಅಂದುಕೊಂಡು ಕಡಲ ತೀರಕ್ಕೆ ಇಳಿದಾಗ, ಹಾರ್ಮುಜ್ ಸಮೀಪದ ಮಿನಾಬ್‌ನಲ್ಲಿ, 1621ರ ಡಿಸೆಂಬರ್ ಕೊನೆಯಲ್ಲಿ ಜ್ವರ ಬಂದು ಮಾನಿ ತೀರಿಕೊಂಡಳು.

ಅವನು ಅವಳನ್ನು ಅಲ್ಲಿ ಹೂಳಲಿಲ್ಲ. ದೇಹ ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ತಂದ. ಹೆಣ ಇರುವ ಹಡಗಿಗೆ ಕೇಡು ಎಂಬುದು ನಾವಿಕರ ನಂಬಿಕೆ. ಹಾಗಾಗಿ ಅದು ಏನೆಂದು ಹೇಳುವಂತಿರಲಿಲ್ಲ. ಬಟ್ಟೆಬರೆಯ ಸಾಮಾನು ಎಂಬಂತೆ ಸಾಗಿಸಿದ. ಬದುಕಿದ್ದಾಗ ಹತ್ತಲಾಗದ ಹಡಗನ್ನು ಮಾನಿ ಹೀಗೆ ಹತ್ತಿದಳು. 1623ರಲ್ಲಿ ಸೂರತ್, ಆಮೇಲೆ ಗೋವಾ. ಮುಂದೆ ಬಸ್ರಾ, ಮರಳುಗಾಡು ಎಲ್ಲ ದಾಟಿ 1626ರಲ್ಲಿ ರೋಮ್. ಅಲ್ಲಿ ಅರಾಚೇಲಿ ಚರ್ಚಿನಲ್ಲಿ ಅವನ ಮನೆತನದ ಸಮಾಧಿಯಲ್ಲಿ ಅವಳನ್ನು ಇಟ್ಟರು.

ಮಾನಿಯ ಆಶ್ರಯದಲ್ಲಿ ಬೆಳೆದ ಜಾರ್ಜಿಯಾದ ಒಬ್ಬ ಹುಡುಗಿಯೂ ಈ ಪಯಣದಲ್ಲಿ ಇದ್ದಳು. ರೋಮಿಗೆ ಹೋದ ಮೇಲೆ ಪಿಯೆತ್ರೊ ಅವಳನ್ನೇ ಮದುವೆಯಾದ. ಆದರೆ ನಮ್ಮ ಕಡೆಗೆ ಬರುವಾಗ ಅವಳನ್ನು ಗೋವಾದಲ್ಲಿ ಒಬ್ಬ ಪೋರ್ಚುಗೀಸ್ ಹೆಂಗಸಿನ ಮನೆಯಲ್ಲಿ ಬಿಟ್ಟು ಬಂದಿದ್ದ. ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿ, ಘಟ್ಟ ಇಳಿದು ಬಸ್ರೂರಿಗೆ ಬಂದು, 1623ರ ಡಿಸೆಂಬರಿನಲ್ಲಿ ಅಲ್ಲಿಂದ ಮಂಗಳೂರಿಗೆ ದೋಣಿ ಹಿಡಿದ. ಅಂದರೆ ಮಲ್ಪೆ, ಕಾಪು ಎಲ್ಲ ಅವನ ಎಡಗಡೆಗೆ. ಊರೂರಿನ ಅಡುಗೆ, ಅಕ್ಷರ, ಉಡುಪು ಒಂದನ್ನೂ ಬಿಡದೆ ಬರೆದ ಮನುಷ್ಯ ಅವನು. ದಾರಿಯಲ್ಲಿ ಸೇಂಟ್ ಮೇರೀಸ್ ಬಂಡೆಗಳ ಹತ್ತಿರ ದೋಣಿ ನಿಂತಿತು. ಜೊತೆಗಿದ್ದವರು ಕಾಡು ಪಾರಿವಾಳ ಹಿಡಿಯಲು ಇಳಿದರು, ಅಲ್ಲಿ ಪಾರಿವಾಳ ಬಹಳ ಎಂದು ಬರೆದಿದ್ದಾನೆ.

ಈಗ ಅದೇ ದ್ವೀಪಕ್ಕೆ ಮಲ್ಪೆಯಿಂದ ಬೋಟು ಹೋಗುತ್ತದೆ, ಮಳೆಗಾಲ ಬಿಟ್ಟು. ಹೊಸ ಜೋಡಿಗಳೇ ಜಾಸ್ತಿ. ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಸಂಜೆಯ ಒಳಗೆ ವಾಪಸು ಬರಬೇಕು.