ಸಾಕುನಾಯಿಯೊಡನೆ ರೈಲು ಮತ್ತು ಕಾರು ಪ್ರಯಾಣ: ಮಾಲೀಕರಿಗೆ ಮಾಹಿತಿ

ರಜೆಯಲ್ಲಿ ಊರಿಗೆ ತೆರಳುವಾಗ ಅಥವಾ ವರ್ಗಾವಣೆಯ ಸಂದರ್ಭದಲ್ಲಿ ಸಾಕುನಾಯಿಯನ್ನು ಜೊತೆಗೆ ಕರೆದೊಯ್ಯುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಪ್ರಯಾಣದಲ್ಲಿ ನಾಯಿಯ ಪ್ರಾಣಕ್ಕೆ ಕುತ್ತು ತರುವ ಮುಖ್ಯ ಕಾರಣಗಳು ಸೆಕೆ ಮತ್ತು ಬಾಯಾರಿಕೆ. ಇವೆರಡನ್ನೂ ಮುಂಜಾಗ್ರತೆಯಿಂದ ತಪ್ಪಿಸಬಹುದಾಗಿದೆ.

1. ಆರೋಗ್ಯ ಪ್ರಮಾಣಪತ್ರ

ಪ್ರಾಣಿಗಳ ಸಾಗಾಣಿಕೆ ನಿಯಮಗಳು, 1978ರ ಪ್ರಕಾರ ಸಾಗಿಸಲಾಗುವ ನಾಯಿಯು ಪ್ರಯಾಣಕ್ಕೆ ಯೋಗ್ಯವಾಗಿದೆ ಹಾಗೂ ಅದಕ್ಕೆ ರೇಬೀಸ್ ಸೇರಿದಂತೆ ಯಾವುದೇ ಸಾಂಕ್ರಾಮಿಕ ರೋಗದ ಲಕ್ಷಣಗಳಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರವು ಜೊತೆಯಲ್ಲಿರತಕ್ಕದ್ದು. ಪ್ರಮಾಣಪತ್ರವಿಲ್ಲದಿದ್ದಲ್ಲಿ ಸಾಗಿಸುವವರು ನಾಯಿಯನ್ನು ನಿರಾಕರಿಸಬೇಕಾಗುತ್ತದೆ. ಪ್ರಮಾಣಪತ್ರ ಪಡೆಯಲು:

(ಅ) ನಾಯಿಯನ್ನು ಖುದ್ದಾಗಿ ಪಶು ಆಸ್ಪತ್ರೆಗೆ ಕರೆತರುವುದು. ನಾಯಿಯನ್ನು ಪರೀಕ್ಷಿಸದೆ ಪ್ರಮಾಣಪತ್ರ ನೀಡಲಾಗುವುದಿಲ್ಲ.
(ಆ) ಲಸಿಕೆ ಪುಸ್ತಕವನ್ನು ತರುವುದು. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು. ಮೊದಲ ಲಸಿಕೆಯ ನಂತರ ರೋಗನಿರೋಧಕ ಶಕ್ತಿ ಬರಲು ಸುಮಾರು ಮೂರು ವಾರ ಬೇಕಾಗುವುದರಿಂದ, ಹೊರಡುವ ಹಿಂದಿನ ದಿನ ಹಾಕಿಸಿದ ಲಸಿಕೆಯಿಂದ ಪ್ರಯೋಜನವಾಗದು.
(ಇ) ಪ್ರಯಾಣಕ್ಕೆ ಒಂದೆರಡು ದಿನ ಮೊದಲು ಪರೀಕ್ಷೆ ಮಾಡಿಸುವುದು. ಬಹಳ ಹಿಂದಿನ ಪ್ರಮಾಣಪತ್ರವು ನಾಯಿಯ ಇಂದಿನ ಆರೋಗ್ಯವನ್ನು ತಿಳಿಸುವುದಿಲ್ಲ.

ಗರ್ಭದ ಕೊನೆಯ ಹಂತದಲ್ಲಿರುವ ನಾಯಿಯನ್ನು ಸಾಗಿಸುವುದು ಇದೇ ನಿಯಮಗಳಂತೆ ನಿಷಿದ್ಧವಾಗಿದೆ.

2. ರೈಲು ಪ್ರಯಾಣ

ಪ್ರಯಾಣಿಕರು ತಮ್ಮ ಜೊತೆಯಲ್ಲಿಯೇ ನಾಯಿಯನ್ನು ಕರೆದೊಯ್ಯಲು ಹವಾನಿಯಂತ್ರಿತ ಮೊದಲ ದರ್ಜೆ ಅಥವಾ ಮೊದಲ ದರ್ಜೆಯಲ್ಲಿ ಇಬ್ಬರ ಕೂಪೆ ಅಥವಾ ನಾಲ್ವರ ಕ್ಯಾಬಿನ್ ಪೂರ್ತಿಯಾಗಿ ತಮ್ಮ ಹೆಸರಿಗೆ ಕಾಯ್ದಿರಿಸಿರಬೇಕು. ಹವಾನಿಯಂತ್ರಿತ ಎರಡನೇ ಮತ್ತು ಮೂರನೇ ದರ್ಜೆ, ಚೇರ್ ಕಾರ್, ಸ್ಲೀಪರ್ ಮತ್ತು ಎರಡನೇ ದರ್ಜೆಗಳಲ್ಲಿ ನಾಯಿಗೆ ಅವಕಾಶವಿರುವುದಿಲ್ಲ. ಈ ದರ್ಜೆಗಳಲ್ಲಿ ಪ್ರಯಾಣಿಸುವವರು ನಾಯಿಯನ್ನು ಗಾರ್ಡ್ ಬಳಿಯ ಬ್ರೇಕ್ ವ್ಯಾನಿನ ಡಾಗ್ ಬಾಕ್ಸಿನಲ್ಲಿ ಕಳುಹಿಸಬೇಕಾಗುತ್ತದೆ. ಎರಡೂ ಸಂದರ್ಭಗಳಲ್ಲಿ ನಿಲ್ದಾಣದ ಪಾರ್ಸಲ್ ಕಚೇರಿಯಲ್ಲಿ ಶುಲ್ಕ ಪಾವತಿಸಿ ರಶೀದಿ ಪಡೆಯತಕ್ಕದ್ದು. ಬುಕಿಂಗ್ ಇಲ್ಲದೆ ಕರೆದೊಯ್ದಲ್ಲಿ ದಂಡ ತೆರಬೇಕಾಗುತ್ತದೆ.

ಡಾಗ್ ಬಾಕ್ಸ್ ಕಿರಿದಾದುದು. ಬೇಸಿಗೆಯಲ್ಲಿ ಅದು ಬಿಸಿಯೇರುತ್ತದೆ. ವಯಸ್ಸಾದ ನಾಯಿ, ಹೃದ್ರೋಗವುಳ್ಳ ನಾಯಿ ಹಾಗೂ ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳನ್ನು ಹಗಲಿನಲ್ಲಿ ಇದರಲ್ಲಿ ಕಳುಹಿಸದಿರುವುದು ಉತ್ತಮ. ದಾರಿಯಲ್ಲಿ ನೀರು, ಆಹಾರ ನೀಡುವ ಹೊಣೆ ಮಾಲೀಕರದೇ ಆಗಿರುತ್ತದೆ. ನಿಯಮಗಳಲ್ಲಿ ಈ ಕೆಳಕಂಡಂತೆ ತಿಳಿಸಲಾಗಿದೆ:

• ಹೊರಡುವುದಕ್ಕೆ ಕನಿಷ್ಠ 2 ಗಂಟೆ ಮೊದಲು ಆಹಾರ ಮತ್ತು ನೀರು ನೀಡುವುದು; ಹೊರಡುವ ಮುನ್ನ ಸ್ವಲ್ಪ ಅಡ್ಡಾಡಿಸುವುದು.
• ಬೇಸಿಗೆಯಲ್ಲಿ 4 ಗಂಟೆಗೊಮ್ಮೆ, ಚಳಿಗಾಲದಲ್ಲಿ 6 ಗಂಟೆಗೊಮ್ಮೆ ನೀರು ಕುಡಿಸುವುದು.
• ಬೆಳೆದ ನಾಯಿಗೆ 12 ಗಂಟೆಗೊಮ್ಮೆ, ಮರಿಗಳಿಗೆ 4 ಗಂಟೆಗೊಮ್ಮೆ ಆಹಾರ ನೀಡುವುದು.
• ರೈಲು ಪ್ರಯಾಣ 6 ಗಂಟೆ ಮೀರಿದಲ್ಲಿ ನೋಡಿಕೊಳ್ಳುವವರೊಬ್ಬರು ಜೊತೆಯಲ್ಲಿರುವುದು.

3. ಕಾರು ಪ್ರಯಾಣ

ನಾಯಿಯನ್ನು ಹಿಂದಿನ ಆಸನದಲ್ಲಿ ಎದೆಪಟ್ಟಿ ಹಾಕಿ ಕಟ್ಟುವುದು ಅಥವಾ ಗಾಳಿಯಾಡುವ ಪಂಜರದಲ್ಲಿ ಕೂರಿಸುವುದು. ಕುತ್ತಿಗೆಪಟ್ಟಿಗೆ ಸರಪಳಿ ಬಿಗಿದು ಕಟ್ಟಿದಲ್ಲಿ ದಿಢೀರನೆ ಬ್ರೇಕ್ ಹಾಕಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಎರಡು ಮೂರು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ ನೀರು ಕುಡಿಸುವುದು. ಪಶುವೈದ್ಯರ ಸಲಹೆಯಿಲ್ಲದೆ ನಿದ್ರೆಯ ಔಷಧಿಯನ್ನು ಕೊಡಬಾರದು.

ನಿಲ್ಲಿಸಿದ ಕಾರಿನಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಲೇಬಾರದು. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ತಾಪಮಾನ ಸುಮಾರು 40 ಡಿಗ್ರಿ ತಲುಪುತ್ತದೆ. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೂ ಹೆಚ್ಚಿನ ವ್ಯತ್ಯಾಸವಾಗದು. ನಾಯಿಯ ಮೈಯೆಲ್ಲ ಮನುಷ್ಯರಂತೆ ಬೆವರುವುದಿಲ್ಲ. ಅದು ಏದುಸಿರಿನಿಂದಲೇ ಮೈಬಿಸಿಯನ್ನು ಇಳಿಸಿಕೊಳ್ಳುತ್ತದೆ. ಸುತ್ತಲಿನ ಗಾಳಿಯೇ ಬಿಸಿಯಾದಾಗ ಅದಕ್ಕೆ ಬೇರೆ ದಾರಿಯಿರುವುದಿಲ್ಲ. ಊಟಕ್ಕೆ ಇಳಿದಾಗ ಕುಟುಂಬದ ಒಬ್ಬರು ನಾಯಿಯೊಡನೆ ಹೊರಗಿರುವುದು ಸೂಕ್ತ.

4. ಸೆಕೆಯ ಆಘಾತವಾದಲ್ಲಿ

ವಿಪರೀತ ಏದುಸಿರು, ಅಂಟಾದ ಜೊಲ್ಲು, ಕಡುಕೆಂಪು ಒಸಡು, ತೂರಾಡುವಿಕೆ ಮತ್ತು ವಾಂತಿ ಇದರ ಲಕ್ಷಣಗಳು. ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುವುದು. ಪ್ರಜ್ಞೆ ಇದ್ದಲ್ಲಿ ಮಾತ್ರ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸುವುದು. ಚೇತರಿಸಿಕೊಂಡಂತೆ ಕಂಡರೂ ಒಳಅಂಗಗಳಿಗೆ ಹಾನಿಯಾಗಿರಬಹುದಾದ್ದರಿಂದ ವಿಳಂಬ ಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

5. ಕಾನೂನಿನ ಸ್ಥಿತಿ

ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಕಲಂ 11ರಂತೆ ಅಪರಾಧವಾಗಿದೆ. ಮಾಲೀಕರಿಗೂ ಇದು ಅನ್ವಯಿಸುತ್ತದೆ.

ಪ್ರಯಾಣವನ್ನು ತಾಳಲಾರದ ನಾಯಿಯನ್ನು ನಂಬಿಕಸ್ಥರ ಮನೆಯಲ್ಲಿ ಬಿಟ್ಟು ಹೋಗುವುದೇ ಕ್ಷೇಮಕರ. ಈ ಬಗ್ಗೆ ನಿರ್ಧರಿಸುವ ಮೊದಲು ಹತ್ತಿರದ ಪಶುವೈದ್ಯರ ಅಭಿಪ್ರಾಯ ಪಡೆಯಲು ಸಾರ್ವಜನಿಕರನ್ನು ಕೋರಲಾಗಿದೆ.