ಅಲ್ಲಿಯ ದನಿ, ಇಲ್ಲಿಯ ಬೆರಳು

ಬೆಂಗಳೂರಿನ ಐಟಿ ಚರಿತ್ರೆ ಹೇಳುವವರು ಸಾಮಾನ್ಯವಾಗಿ ನಾಲ್ಕೇ ಮೆಟ್ಟಿಲು ಹತ್ತಿ ಮುಗಿಸಿಬಿಡ್ತಾರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಆಮೇಲೆ ನಮ್ಮವರದ್ದೇ ಕಂಪನಿಗಳು ಬೆಳೆದವು, ವೈಟುಕೆ ಬಂತು, ಕಾಲ್ ಸೆಂಟರ್ ಬಂತು. ಮುಗೀತು. ಈ ಮೆಟ್ಟಿಲುಗಳ ನಡುವೆ ಇನ್ನೊಂದು ಕೆಲಸ ಇತ್ತು. ಅದಕ್ಕೆ ಬಿಇ ಬೇಕಿರಲಿಲ್ಲ. ಯಾವ ಡಿಗ್ರಿಯಾದರೂ ಸೈ, ಇಂಗ್ಲಿಷ್ ಕಿವಿಗೆ ಹತ್ತಬೇಕು, ಬೆರಳು ಓಡಬೇಕು. ತಲೆಗೆ ಹೆಡ್‌ಫೋನ್, ಕಾಲಡಿ ಹೊಲಿಗೆ ಮೆಷಿನ್‌ನದ್ದರಂಥ ಒಂದು ಪೆಡಲ್. ಒತ್ತಿದರೆ ದನಿ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್, ಚಿಕ್ಕದಾಗಿ ‘ಎಂಟಿ’. ಆರ್.ಟಿ. ನಗರ, ಯಶವಂತಪುರ, ಯಲಹಂಕದ ಕಡೆ ನಲವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ಪರಿಚಯದವರಲ್ಲಿ ಒಬ್ಬರಾದರೂ ಎಂಟಿ ಮಾಡಿದವರು ಸಿಕ್ಕಾರು.

ಕೆಲಸ ಏನಪ್ಪಾ ಅಂದ್ರೆ, ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿದ ಮೇಲೆ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡ್ತಾರೆ. ಏನು ತೊಂದರೆ, ಏನು ಪರೀಕ್ಷೆ, ಯಾವ ಮಾತ್ರೆ. ಇದು ಬರಹವಾಗಿ ಫೈಲಿಗೆ ಸೇರದಿದ್ದರೆ ಅಲ್ಲಿ ಇನ್ಶೂರೆನ್ಸ್ ದುಡ್ಡು ಬರೋದು ಕಷ್ಟ. ಡಿಕ್ಟಾಫೋನ್ ಅನ್ನೋ ಹೆಸರು 1907ರಷ್ಟು ಹಳೆಯದು. ಒಲಿಂಪಸ್ ಕಂಪನಿಯ ಮೈಕ್ರೋಕ್ಯಾಸೆಟ್ 1969ರದ್ದು. ಆದರೆ ಕ್ಯಾಸೆಟ್ ಒಂದು ವಸ್ತು, ಅದನ್ನು ಯಾರಾದರೂ ಕೈಯಲ್ಲಿ ಹಿಡಿದು ತಲುಪಿಸಬೇಕು. ಹಾಗಾಗಿ ಡಾಕ್ಟರ ಊರಲ್ಲೇ ಟೈಪಿಸ್ಟೂ ಇರಬೇಕಿತ್ತು. 1997ರಲ್ಲಿ ಒಲಿಂಪಸ್, ಫಿಲಿಪ್ಸ್, ಗ್ರುಂಡಿಗ್ ಮೂವರೂ ಸೇರಿ ಡಿಎಸ್ಎಸ್ ಅನ್ನೋ ಡಿಜಿಟಲ್ ಮಾದರಿ ತಂದರು. ದನಿ ಈಗ ಫೈಲ್ ಆಯ್ತು. ಫೈಲ್ ಆದಮೇಲೆ ಟೈಪಿಸ್ಟು ಷಿಕಾಗೋದಲ್ಲಿದ್ದರೇನು, ಚಿಕ್ಕಬಳ್ಳಾಪುರದಲ್ಲಿದ್ದರೇನು?

ಗಡಿಯಾರವೂ ನಮ್ಮ ಪರವಾಗಿತ್ತು. ಬೇಸಿಗೆಯಲ್ಲಿ ನ್ಯೂಯಾರ್ಕಿನ ರಾತ್ರಿ 8 ಗಂಟೆ ಅಂದರೆ ಇಲ್ಲಿ ಬೆಳಗಿನ ಜಾವ ಐದೂವರೆ. ಅಲ್ಲಿಯ ಡಾಕ್ಟರು ಮಲಗಿ ಏಳೋದರೊಳಗೆ ಇಲ್ಲಿ ಟೈಪ್ ಮಾಡಿ, ತಿದ್ದಿ, ವಾಪಸ್ ಕಳಿಸಿಬಿಡಬಹುದು. ತೊಂಬತ್ತರ ದಶಕದಲ್ಲೇ ಹೆಲ್ತ್‌ಸ್ಕ್ರೈಬ್ ಕಂಪನಿ ಬೆಂಗಳೂರಲ್ಲಿ ಈ ಕೆಲಸ ಶುರು ಮಾಡಿತು. ಹಿಂದೆಯೇ ಇನ್ನೂ ಹಲವರು ಬಂದರು. ತಾಲೂಕು ಕೇಂದ್ರಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಇಂಗ್ಲಿಷ್ ಜೂನಿಯರ್, ಸೀನಿಯರ್ ಪಾಸು ಮಾಡಿ ಸರ್ಕಾರಿ ನೌಕರಿಗೆ ಕಾಯ್ತಿದ್ದ ನಮ್ಮ ಕಡೆಯ ಹುಡುಗ ಹುಡುಗಿಯರಿಗೂ ಇದು ಒಂದು ಬಾಗಿಲು.

ಈಗ ಬರೋಣ ನಮ್ಮ ವಿಷಯಕ್ಕೆ. ಈ ದನಿ ಅಲ್ಲಿಂದ ಇಲ್ಲಿಗೆ ಬರ್ತಿದ್ದದ್ದು ಹೇಗೆ?

ಸ್ವಲ್ಪ ಲೆಕ್ಕ ಹಾಕಿ. ಟೆಲಿಫೋನ್ ಗುಣಮಟ್ಟದ ದನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು. ಹತ್ತು ನಿಮಿಷದ ಡಿಕ್ಟೇಷನ್ ಅಂದ್ರೆ 4.8 ಎಂಬಿ. 28.8ರ ಡಯಲ್-ಅಪ್ ಮೋಡೆಮ್‌ನಲ್ಲಿ, ಲೈನು ಒಮ್ಮೆಯೂ ಕಟ್ ಆಗದಿದ್ದರೆ, ಇಳಿಸಿಕೊಳ್ಳೋಕೆ 22 ನಿಮಿಷ. ಡಿಎಸ್ಎಸ್‌ನಲ್ಲಿ ಅದೇ ದನಿ ಸುಮಾರು 1 ಎಂಬಿಗೆ ಕುಗ್ಗುತ್ತೆ, ಐದು ನಿಮಿಷ ಸಾಕು. ಆದರೆ ಅದನ್ನ ಈಮೇಲಿಗೆ ಅಂಟಿಸಿದ ತಕ್ಷಣ ಮೂರನೇ ಒಂದು ಭಾಗ ಊದಿಕೊಳ್ಳುತ್ತೆ. ಯಾಕಂದ್ರೆ 1982ರಲ್ಲಿ ಎಸ್‌ಎಂಟಿಪಿ ನಿಯಮ ಬರೆದಾಗ ಈಮೇಲ್ ಅಂದ್ರೆ ಬರೀ ಇಂಗ್ಲಿಷ್ ಅಕ್ಷರ. 1992ರಲ್ಲಿ ಬಂದ ಮೈಮ್ ಪದ್ಧತಿ ಯಾವ ಫೈಲನ್ನಾದರೂ ಅಕ್ಷರಗಳ ವೇಷ ಹಾಕಿಸಿ ಕಳಿಸೋದನ್ನ ಕಲಿಸಿತು. ಮೂರು ಬೈಟಿಗೆ ನಾಲ್ಕು ಅಕ್ಷರ, ಅದೇ ಆ ಊತ. ಆಗಿನ ಹಾಟ್‌ಮೇಲ್ ಪೆಟ್ಟಿಗೆ ಇದ್ದದ್ದೇ 2 ಎಂಬಿ. ಒಂದು ಡಿಕ್ಟೇಷನ್ ಬಂದರೆ ಎರಡನೆಯದಕ್ಕೆ ಜಾಗ ಇಲ್ಲ.

ದೊಡ್ಡ ಕಂಪನಿಗಳು ಈ ಗೋಳಿಗೆ ಬೀಳಲಿಲ್ಲ. 1991ರಲ್ಲಿ ಹುಟ್ಟಿದ ಎಸ್‌ಟಿಪಿಐ ಉಪಗ್ರಹ ಲಿಂಕು ಕೊಡ್ತಿತ್ತು, ದುಡ್ಡಿದ್ದವರು ಅಲ್ಲಿಂದ ಲೈನ್ ಎಳೆಸಿಕೊಂಡರು. ಮನೆಯ ಮಹಡಿ ಮೇಲೆ ಹತ್ತು ಕಂಪ್ಯೂಟರ್ ಇಟ್ಟು ನಡೆಸಿದ ಸಣ್ಣ ಘಟಕಗಳ ಪಾಲಿಗೆ ಉಳಿದದ್ದು ಈಮೇಲು, ಇಲ್ಲವೇ ಎಫ್‌ಟಿಪಿ. ಎಫ್‌ಟಿಪಿಯ ಕತೆ ಇನ್ನೂ ಚಂದ, ಅದು ಪಾಸ್‌ವರ್ಡನ್ನೂ ಬೆತ್ತಲೆಯಾಗಿ ಕಳಿಸುತ್ತೆ.

ನಮ್ಮ ಊರುಗಳಲ್ಲಿ ಪೋಸ್ಟ್ ಕಾರ್ಡ್ ಬಂದರೆ ಪೋಸ್ಟ್‌ಮ್ಯಾನು ಮನೆ ತಲುಪೋಕೆ ಮೊದಲೇ ಸುದ್ದಿ ತಲುಪಿರುತ್ತಿತ್ತು. ಈಮೇಲ್ ಆಗ ಅಂಥದೇ ಪೋಸ್ಟ್ ಕಾರ್ಡು. ದಾರಿಯಲ್ಲಿ ಹಾದುಹೋಗೋ ಪ್ರತಿ ಸರ್ವರಿಗೂ ಅದನ್ನ ಓದೋ ಅವಕಾಶ. ಸರ್ವರಿನಿಂದ ಸರ್ವರಿಗೆ ಹೋಗುವಾಗ ಹೊದಿಕೆ ಹಾಕುವ ಸ್ಟಾರ್ಟ್‌ಟಿಎಲ್ಎಸ್ ಬಂದದ್ದು 1999ರಲ್ಲಿ. ಹಾಗಂತ ಬೀಗವೇ ಇರಲಿಲ್ಲ ಅಂತಲ್ಲ. 1991ರಲ್ಲೇ ಫಿಲ್ ಜಿಮ್ಮರ್‌ಮನ್ ಅನ್ನೋ ಅಮೆರಿಕದ ಪ್ರೋಗ್ರಾಮರ್ ಪಿಜಿಪಿ ಬರೆದು ಹೊರಬಿಟ್ಟಿದ್ದ. ಅದು ದೇಶ ದಾಟಿತು ಅಂತ ಅಲ್ಲಿನ ಸರ್ಕಾರ ಅವನ ಮೇಲೆ ಮೂರು ವರ್ಷ ತನಿಖೆ ನಡೆಸಿತು. ಕಾರಣ ಕೇಳಿದ್ರೆ ನಗು ಬರುತ್ತೆ: ಅವರ ಕಾನೂನಿನ ಕಣ್ಣಲ್ಲಿ ಗಟ್ಟಿ ಎನ್‌ಕ್ರಿಪ್ಷನ್ ಅಂದ್ರೆ ಮದ್ದುಗುಂಡು. ಅದನ್ನ ರಫ್ತು ಮಾಡೋ ಹಾಗಿರಲಿಲ್ಲ. ಹೊರದೇಶಕ್ಕೆ ಕೊಡುವ ಸಾಫ್ಟ್‌ವೇರಿನಲ್ಲಿ 40 ಬಿಟ್ಟಿನ ಕೀಲಿ ಇದ್ದರೆ ಸಾಕು ಅಂತ ಲೆಕ್ಕ.

ಇತ್ತ ನಮ್ಮ ಸರ್ಕಾರವೂ ಅಷ್ಟೇ. ಇಂಟರ್ನೆಟ್ ಕಂಪನಿಗಳಿಗೆ ಟೆಲಿಕಾಂ ಇಲಾಖೆ ಕೊಟ್ಟ ಲೈಸೆನ್ಸಿನ ಕರಾರಿನಲ್ಲೂ ಅದೇ 40 ಬಿಟ್. ಅದಕ್ಕಿಂತ ಗಟ್ಟಿ ಬೀಗ ಬೇಕಾದರೆ ಲಿಖಿತ ಅನುಮತಿ ತಗೊಂಡು, ಬೀಗದ ಕೈಯನ್ನೇ ಎರಡು ತುಂಡು ಮಾಡಿ ಸರ್ಕಾರದಲ್ಲಿ ಇಡಬೇಕಿತ್ತು. 1997ರ ಜನವರಿಯಲ್ಲಿ ಬರ್ಕ್‌ಲಿಯ ವಿದ್ಯಾರ್ಥಿ ಇಯಾನ್ ಗೋಲ್ಡ್‌ಬರ್ಗ್ ಸುಮಾರು 250 ಕಂಪ್ಯೂಟರ್ ಜೋಡಿಸಿ 40 ಬಿಟ್ಟಿನ ಬೀಗವನ್ನು ಮೂರೂವರೆ ಗಂಟೆಯಲ್ಲಿ ಬಿಚ್ಚಿ ತೋರಿಸಿದ. ಎರಡೂ ದೇಶಗಳು ಮನಸಾರೆ ಒಪ್ಪಿದ್ದ ಬೀಗದ ತಾಕತ್ತು ಇಷ್ಟು. ಅಮೆರಿಕ ಈ ರಫ್ತು ನಿಯಮ ಸಡಿಲಿಸಿದ್ದು 2000ದ ಜನವರಿಯಲ್ಲಿ.

ಅಷ್ಟರಲ್ಲಿ ಅಲ್ಲಿ ಹಿಪಾ ಕಾನೂನು ಬಂದಿತ್ತು. ಪಾಸಾದದ್ದು 1996ರಲ್ಲಿ, ರೋಗಿಯ ಗುಟ್ಟು ಕಾಯುವ ನಿಯಮ ಆಸ್ಪತ್ರೆಗಳಿಗೆ ಅನ್ವಯ ಆದದ್ದು 2003ರ ಏಪ್ರಿಲ್ 14ರಿಂದ, ಕಂಪ್ಯೂಟರ್ ಸುರಕ್ಷತೆಯ ನಿಯಮ 2005ರಿಂದ. ಅಮೆರಿಕದ ಕಾನೂನು ಆರ್.ಟಿ. ನಗರದ ಮಹಡಿಯವರೆಗೆ ನೇರವಾಗಿ ಕೈ ಚಾಚೋಕೆ ಆಗಲ್ಲ. ಅದಕ್ಕೇ ಆಸ್ಪತ್ರೆ ಗುತ್ತಿಗೆದಾರನಿಂದ, ಅವನು ಕೆಳಗಿನವನಿಂದ, ಹೀಗೆ ಸಾಲಾಗಿ ಸಹಿ ಹಾಕಿಸಿಕೊಂಡು ಬಂದರು. ಗುಟ್ಟು ಸಾಗೋ ದಾರಿಯಲ್ಲೇ ಕಾಗದವೂ ಸಾಗಿತು.

ಆ ಕಾಗದದ ಬೆಲೆ ಎಷ್ಟು ಅನ್ನೋದು 2003ರ ಅಕ್ಟೋಬರಿನಲ್ಲಿ ಗೊತ್ತಾಯ್ತು. ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್ಎಫ್ ಆಸ್ಪತ್ರೆಗೆ ಕರಾಚಿಯಿಂದ ಒಂದು ಈಮೇಲ್. ಬರೆದಾಕೆ ಟ್ರಾನ್ಸ್‌ಕ್ರಿಪ್ಷನ್ ಮಾಡುವ ಹೆಂಗಸು. ನನಗೆ ಬರಬೇಕಾದ ಕೂಲಿ ಕೊಡಿಸಿ, ಇಲ್ಲದಿದ್ದರೆ ನಿಮ್ಮ ರೋಗಿಗಳ ದಾಖಲೆ ಇಂಟರ್ನೆಟ್ಟಿಗೆ ಹಾಕ್ತೀನಿ ಅನ್ನೋದು ಅದರ ಸಾರ. ಸುಳ್ಳಲ್ಲ ಅಂತ ತೋರಿಸೋಕೆ ನಿಜವಾದ ದಾಖಲೆಗಳನ್ನೇ ಅಂಟಿಸಿದ್ದಳು. ಆಸ್ಪತ್ರೆಗೆ ತನ್ನ ಕೆಲಸ ಕರಾಚಿಗೆ ಹೋಗಿದೆ ಅನ್ನೋದೇ ಗೊತ್ತಿರಲಿಲ್ಲ. ಅವರು ಕೊಟ್ಟದ್ದು ಪಕ್ಕದ ಊರಿನ ಒಂದು ಸಂಸ್ಥೆಗೆ. ಅಲ್ಲಿಂದ ಫ್ಲೋರಿಡಾದ ಒಬ್ಬರಿಗೆ, ಅವರಿಂದ ಟೆಕ್ಸಾಸಿನ ಇನ್ನೊಬ್ಬರಿಗೆ, ಅವರಿಂದ ಕರಾಚಿಗೆ. ಸ್ವಲ್ಪ ಹಣ ತಲುಪಿದ ಮೇಲೆ ಆಕೆ ಬೆದರಿಕೆ ಹಿಂದಕ್ಕೆ ತಗೊಂಡಳು.

ನಮ್ಮ ಊರೂ ತಪ್ಪಿಸಿಕೊಳ್ಳಲಿಲ್ಲ. ಒಹಾಯೊ ರಾಜ್ಯದ ಹಾರ್ಟ್‌ಲ್ಯಾಂಡ್ ಇನ್ಫರ್ಮೇಷನ್ ಸರ್ವಿಸಸ್ ಕಂಪನಿಗೆ ಬೆಂಗಳೂರಲ್ಲಿ ಕಚೇರಿ ಇತ್ತು. ಹಣ ಕೊಡದಿದ್ದರೆ ರೋಗಿಗಳ ಮಾಹಿತಿ ಬಯಲು ಮಾಡ್ತೀವಿ ಅಂತ ಇಲ್ಲಿನ ಕೆಲಸಗಾರರಿಂದಲೇ ಬೆದರಿಕೆ ಹೋಯ್ತು. ಪೊಲೀಸರು ಹಿಡಿದರು, ಮಾಹಿತಿ ಹೊರಗೆ ಹೋಗಿಲ್ಲ ಅಂತ ಕಂಪನಿ ಹೇಳಿತು. ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆ ಬರೆದ ಮೇಲೆ, 2004ರ ಏಪ್ರಿಲ್‌ನಲ್ಲಿ, ಈ ಸುದ್ದಿ ಜಗತ್ತಿಗೆ ಗೊತ್ತಾಯ್ತು. ಬೆಂಗಳೂರಲ್ಲಿ ಸೈಬರ್ ಕ್ರೈಂ ಠಾಣೆ 2001ರಲ್ಲೇ ಶುರುವಾಗಿತ್ತು. ಆದರೆ 2000ದ ಐಟಿ ಕಾಯ್ದೆಯಲ್ಲಿ, ಕೆಲಸಕ್ಕೆ ಅಂತ ಕೈಗೆ ಬಂದ ಮಾಹಿತಿಯನ್ನು ಕರಾರು ಮೀರಿ ಹೊರಬಿಟ್ಟವರಿಗೆ ಅಂತಲೇ ಬರೆದ ಕಲಮು ಇರಲಿಲ್ಲ. 72ಎ ಕಲಂ ತಿದ್ದುಪಡಿಯಾಗಿ ಬಂದದ್ದು 2008ರಲ್ಲಿ, ಜಾರಿಯಾದದ್ದು 2009ರ ಅಕ್ಟೋಬರಿನಲ್ಲಿ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಆಗಿನ ಲೆಕ್ಕದಲ್ಲಿ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಎರಡೂ ಪ್ರಕರಣದಲ್ಲಿ ಒಂದು ವಿಷಯ ಗಮನಿಸಿ. ದಾರಿಯಲ್ಲಿ ಯಾರೂ ಫೈಲ್ ಕದಿಯಲಿಲ್ಲ. 40 ಬಿಟ್ಟಿನ ಬದಲು 4000 ಬಿಟ್ಟಿನ ಬೀಗ ಹಾಕಿದ್ದರೂ ಇದು ತಪ್ಪುತ್ತಿರಲಿಲ್ಲ. ಫೈಲು ತಲುಪಬೇಕಾದವರಿಗೇ ತಲುಪಿತ್ತು. ಕರಾಚಿಯಲ್ಲಿ ತಲುಪದೆ ಉಳಿದದ್ದು ಕೂಲಿ.

ಉದ್ಯಮ ಕಲಿತ ಪಾಠ ಮಾತ್ರ ಬೇರೆ. ಪೆನ್ನು ಪೇಪರ್ ಒಳಗೆ ತರೋ ಹಾಗಿಲ್ಲ, ಮೊಬೈಲ್ ಲಾಕರಿನಲ್ಲಿ, ಬ್ಯಾಗ್ ತಪಾಸಣೆ, ಯುಎಸ್‌ಬಿ ಬಂದ್. ಈಮೇಲಿನ ಜಾಗಕ್ಕೆ ಕಂಪನಿಯದೇ ಪೋರ್ಟಲ್ ಬಂತು. ಇದೆಲ್ಲ ಬೇಕಾದ್ದೇ, ನಾನೂ ಇಂಥದ್ದೇ ಸಿಸ್ಟಂ ಕಟ್ಟಿ ಸಂಬಳ ತಗೊಳ್ಳೋನು. ಆದರೆ ಆ ಕುರ್ಚಿಯಲ್ಲಿ ಕೂತವರ ಕೆಲಸ ಎಂಥದು ಅಂತ ಯಾರೂ ಅಷ್ಟಾಗಿ ಕೇಳಲಿಲ್ಲ. ಕೂಲಿ ಸಾಲಿನ ಲೆಕ್ಕದಲ್ಲಿ, 65 ಅಕ್ಷರಕ್ಕೆ ಒಂದು ಸಾಲು. ಡಾಕ್ಟರು ಹೇಳಿದ್ದು ‘ಹೈಪರ್’ ಟೆನ್ಷನ್ನೋ ‘ಹೈಪೋ’ ಟೆನ್ಷನ್ನೋ? ಒಂದು ಬಿಪಿ ಏರಿದ್ದು, ಇನ್ನೊಂದು ಇಳಿದದ್ದು. ಹದಿನೈದು ಮಿಲಿಗ್ರಾಮೋ, ಐವತ್ತೋ? ಇಂಗ್ಲಿಷಿನಲ್ಲಿ ಎರಡೂ ಒಂದೇ ಥರ ಕೇಳ್ಸುತ್ತೆ. ಕೇಳದಿದ್ದರೆ ಊಹಿಸಬೇಡ, ಬ್ಲ್ಯಾಂಕ್ ಬಿಡು ಅನ್ನೋದು ಈ ವೃತ್ತಿಯ ಮೊದಲ ಪಾಠ. ಮೇಲೆ ಎಡಗಾಲು ಅಂದು ಕೆಳಗೆ ಬಲಗಾಲು ಅಂದ ಡಾಕ್ಟರನ್ನು ಹಿಡಿದು ನಿಲ್ಲಿಸ್ತಿದ್ದವರು ಇವರೇ.

ಮುಂದಿನದು ಬೇಗ ಹೇಳ್ತೀನಿ. 1997ರಲ್ಲಿ ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್ ಬಂದಾಗಲೇ ಯಂತ್ರ ಕಿವಿ ತೆರೆದಿತ್ತು. ಕ್ರಮೇಣ ಯಂತ್ರ ಟೈಪ್ ಮಾಡಿದ್ದನ್ನ ಮನುಷ್ಯ ತಿದ್ದುವ ಹಾಗಾಯ್ತು, ಸಾಲಿನ ರೇಟು ಇಳೀತು. ಹೆಲ್ತ್‌ಸ್ಕ್ರೈಬ್ ಸ್ಫೆರಿಸ್‌ಗೆ ಸೇರಿತು, ಸ್ಫೆರಿಸ್ 2010ರಲ್ಲಿ ದಿವಾಳಿಯಾಗಿ ಮೆಡ್‌ಕ್ವಿಸ್ಟ್ ಗುಂಪಿನ ಪಾಲಾಯ್ತು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ವೈರಸ್ ನ್ಯುಆನ್ಸ್ ಕಂಪನಿಗೆ ಬಡಿದಾಗ ಅದರ ಪೋರ್ಟಲನ್ನೇ ನಂಬಿದ್ದ ಆಸ್ಪತ್ರೆಗಳ ಡಿಕ್ಟೇಷನ್ ನಿಂತುಹೋಯ್ತು. ಕಂಪನಿಗೆ ಆದಾಯ ನಷ್ಟವೇ ಸುಮಾರು 68 ಮಿಲಿಯನ್ ಡಾಲರ್. ಅದೇ ವರ್ಷದ ಕೊನೆಗೆ ಅದೇ ಕಂಪನಿಯ ಮಾಜಿ ಉದ್ಯೋಗಿಯೊಬ್ಬ ಸುಮಾರು 45,000 ಜನರ ದಾಖಲೆ ತೆಗೆದಿದ್ದ. ಮತ್ತೆ ಒಳಗಿನವರೇ. 2022ರಲ್ಲಿ ಮೈಕ್ರೋಸಾಫ್ಟ್ ನ್ಯುಆನ್ಸನ್ನು ಕೊಂಡು ಮುಗಿಸಿತು. ಈಗ ಕೋಣೆಯಲ್ಲಿ ರೋಗಿ, ಡಾಕ್ಟರು ಆಡಿದ ಮಾತನ್ನೇ ಕೇಳಿ ಎಐ ನೋಟ್ಸ್ ಬರೆಯುತ್ತೆ.

ಹಾಗಂತ ದನಿ ಕಳಿಸೋದು ನಿಂತಿಲ್ಲ. ಯಶವಂತಪುರದ ವಕೀಲರು, ಹೆಬ್ಬಾಳದ ಕ್ಲಿನಿಕ್ಕಿನವರು, ಥೀಸಿಸ್‌ಗೆ ಅಂತ ಸಂದರ್ಶನ ಮಾಡಿದ ಪಿಎಚ್‌ಡಿ ಗೆಳತಿ, ಎಲ್ಲರೂ ಯಾರಿಗೋ ಆಡಿಯೋ ಕಳಿಸಿ ಟೈಪ್ ಮಾಡಿಸ್ತಾನೇ ಇರ್ತಾರೆ. ಅವರಿಗಾಗಿ ಈ ಚರಿತ್ರೆಯಿಂದ ಹೆಕ್ಕಿದ್ದು ಇಷ್ಟು.

ದಾರಿಗೆ ಹೊದಿಕೆ ಇದೆ ಅಂತ ಸುಮ್ಮನಿರಬೇಡಿ, ಫೈಲಿಗೇ ಬೀಗ ಹಾಕಿ. 7-ಜಿಪ್ ಪುಕ್ಕಟೆ ಸಿಗುತ್ತೆ, ಅದರಲ್ಲಿ ಎಇಎಸ್-256 ಇದೆ. ಪಾಸ್‌ವರ್ಡನ್ನು ಮುಂದಿನ ಮೇಲಿನಲ್ಲಿ ಕಳಿಸಿದರೆ ಬೀಗದ ಪಕ್ಕದಲ್ಲೇ ಬೀಗದ ಕೈ ನೇತುಹಾಕಿದಂಗೆ. ಫೋನ್ ಮಾಡಿ ಹೇಳಿ. ಫೈಲಿನ ಹೆಸರಲ್ಲಿ, ಮೇಲಿನ ಸಬ್ಜೆಕ್ಟಿನಲ್ಲಿ ರೋಗಿಯ ಹೆಸರು, ಕಾಯಿಲೆ ಬರೀಬೇಡಿ. ಮಾಮೂಲಿ ಜಿಪ್‌ನಲ್ಲಿ ಒಳಗಿನ ಫೈಲುಗಳ ಹೆಸರು ಪಾಸ್‌ವರ್ಡ್ ಇಲ್ಲದೇ ಕಾಣುತ್ತೆ, ಸಬ್ಜೆಕ್ಟ್ ಸಾಲಿಗೆ ಪಿಜಿಪಿ ಕೂಡ ಸಾಮಾನ್ಯವಾಗಿ ಬೀಗ ಹಾಕಲ್ಲ. ಕೆಲಸ ಮುಗಿದ ಮೇಲೆ ಯಾವತ್ತು ಅಳಿಸಬೇಕು ಅನ್ನೋದನ್ನ ಮೊದಲೇ ಮಾತಾಡಿ. ನಿಮ್ಮ ಸೆಂಟ್ ಫೋಲ್ಡರೂ, ಅವರ ಡೌನ್‌ಲೋಡ್ ಫೋಲ್ಡರೂ ಲೆಕ್ಕಕ್ಕಿದೆ. ಕೊನೆಯದಾಗಿ, ಕೆಲಸ ನಿಜವಾಗಿ ಯಾರು ಮಾಡ್ತಾರೆ ಅಂತ ತಿಳ್ಕೊಳ್ಳಿ, ಅವರಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಕೊಡಿ. ಯುಸಿಎಸ್ಎಫ್ ಪ್ರಕರಣದಲ್ಲಿ ಇಲ್ಲದೆ ಹೋದದ್ದು ಇದೊಂದೇ.

ಓದು ಬರದವರಿಗೆ ಪೋಸ್ಟ್‌ಮ್ಯಾನೇ ಕಾಗದ ಓದಿ ಹೇಳ್ತಿದ್ದ ಕಾಲ ನಮ್ಮ ಅಜ್ಜಿಯರದ್ದು. ಮನೆಯ ಸಾಲ, ಮಗಳ ಸಂಕಟ, ಎಲ್ಲ ಅವನಿಗೆ ಗೊತ್ತು. ನಾಳೆಯೂ ಅದೇ ಬೀದಿಗೆ ಬರಬೇಕಾದವನು, ಹಾಗಾಗಿ ಬಾಯಿ ಕಟ್ಟಿಕೊಂಡಿರುತ್ತಿದ್ದ. ಕಟ್ಟದಿದ್ದರೆ ಯಾರ ಬಾಯಿ ಅಂತ ಊರಿಗೆ ತಿಳೀತಿತ್ತು. ಮುಂದಿನ ಸಲ ಡಾಕ್ಟರ ಮೇಜಿನ ಮೇಲೆ ನೋಟ್ಸ್ ಬರೆಯೋ ಎಐ ಇಟ್ಟಿದ್ದು ಕಂಡರೆ, ಮೂರು ಪ್ರಶ್ನೆ ಕೇಳಿ: ಸಾರ್, ಈ ದನಿ ಎಲ್ಲಿಗೆ ಹೋಗುತ್ತೆ? ಯಾರು ಕೇಳಿಸ್ಕೊಳ್ತಾರೆ? ಯಾವಾಗ ಅಳಿಸ್ತೀರಿ? ಅವರಿಗೆ ಉತ್ತರ ಗೊತ್ತಿರದಿದ್ದರೆ, ಕೇಳಿ ತಿಳ್ಕೊಂಡು ಹೇಳಿ ಅನ್ನೋ ಹಕ್ಕು ನಿಮಗಿದೆ. ದೇಹ ನಿಮ್ಮದು ತಾನೇ.