ಹಳೆಯ ಸೈಕಲ್‌ನ ಗೇರ್ ಲಿವರ್‌ಗೆ ಎಣ್ಣೆ ಬಿಟ್ಟರೆ ಸರಿಹೋಗುತ್ತದೆಯೇ?

ಹಳೆಯ ಗೇರ್ ಸೈಕಲ್‌ನ ಲಿವರ್ ಜಾರಿದರೂ, ಬಿಗಿಯಾದರೂ, ಕ್ಲಿಕ್ ಎನ್ನದಿದ್ದರೂ ಸಿಗುವ ಸಲಹೆ ಒಂದೇ: ‘ಸ್ವಲ್ಪ ಎಣ್ಣೆ ಬಿಡಿ’. ಇದು ಅರ್ಧ ಸತ್ಯ. ಒಂದು ಬಗೆಯ ಲಿವರ್‌ಗೆ ಎಣ್ಣೆ ಮದ್ದಾದರೆ, ಇನ್ನೊಂದಕ್ಕೆ ಅದೇ ಕಾಯಿಲೆ.

ಮೊದಲು ಕೇಬಲ್ ನೋಡಿ
ಕೇಬಲ್ ಬಿಚ್ಚಿ ಲಿವರನ್ನು ಆಡಿಸಿ. ಅದು ಸಲೀಸಾಗಿ ಕೆಲಸ ಮಾಡಿದರೆ ತಪ್ಪು ಲಿವರಿನದ್ದಲ್ಲ, ತುಕ್ಕು ಹಿಡಿದ ಕೇಬಲ್‌ನದ್ದು. ಅದನ್ನು ಬದಲಿಸಿದರೆ ಸಾಕು.

ಕ್ಲಿಕ್ ಇಲ್ಲದ ಲಿವರ್
ಹಳೆಯ ರೇಸಿಂಗ್ ಸೈಕಲ್‌ಗಳ ಫ್ರೇಮಿನ ಓರೆ ಕೊಳವೆಯ ಮೇಲೆ ಇರುವ ಲಿವರ್‌ಗಳಲ್ಲಿ ಹೆಚ್ಚಿನವು ಘರ್ಷಣೆಯ ಬಲದಿಂದಲೇ ನಿಲ್ಲುತ್ತವೆ. ಗೇರ್ ಬದಲಿಸುವ ಭಾಗದ ಸ್ಪ್ರಿಂಗ್ ಕೇಬಲನ್ನು ಸದಾ ಎಳೆಯುತ್ತಿರುತ್ತದೆ. ಲಿವರಿನೊಳಗಿನ ವಾಷರ್‌ಗಳು ಅದನ್ನು ತಡೆಹಿಡಿಯುತ್ತವೆ. ಅವುಗಳ ನಡುವೆ ಎಣ್ಣೆ ಸೇರಿದರೆ ಹಿಡಿತ ತಪ್ಪಿ, ಏರು ರಸ್ತೆಯಲ್ಲಿ ಗೇರ್ ತಾನಾಗಿಯೇ ಬದಲಾಗಬಹುದು. ಲಿವರ್ ಜಾರುತ್ತಿದ್ದರೆ ಮೊದಲು ಅದರ ಸ್ಕ್ರೂ ಬಿಗಿ ಮಾಡಿ. ಸರಿಹೋಗದಿದ್ದರೆ ಬಿಚ್ಚಿ, ವಾಷರ್‌ಗಳನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ ಜೋಡಿಸಿ. ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ವಾಷರ್‌ಗಳ ಕ್ರಮ ತಪ್ಪಬಾರದು.

ಕ್ಲಿಕ್ ಇರುವ ಲಿವರ್
ಶಿಮಾನೊ ಕಂಪನಿ 1984ರಲ್ಲಿ ಕ್ಲಿಕ್ ಆಗುವ ಲಿವರನ್ನೂ, 1990ರಲ್ಲಿ ಬ್ರೇಕ್ ಜೊತೆಗೇ ಸೇರಿಸಿದ ಗೇರ್ ಲಿವರನ್ನೂ ತಂದಿತು. ಬ್ರೇಕ್ ಜೊತೆಗಿನ ಹಳೆಯ ಲಿವರ್ ಒತ್ತಿದರೆ ಸದ್ದಿಲ್ಲದೆ ಆಡುತ್ತಿದೆಯೇ? ಹಾಳಾಯಿತೆಂದು ಎಸೆಯಬೇಡಿ. ಒಳಗೆ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಯಿದೆ. ವರ್ಷಗಳು ಕಳೆದಂತೆ ಗ್ರೀಸ್ ಅಂಟಂಟಾಗಿ ಗಟ್ಟಿಯಾದರೆ, ಸಣ್ಣ ಸ್ಪ್ರಿಂಗ್‌ಗೆ ಆ ಕೊಕ್ಕೆಯನ್ನು ತಳ್ಳಲು ಆಗುವುದಿಲ್ಲ.

ರಬ್ಬರ್ ಹೊದಿಕೆ ಸರಿಸಿ, ಡಬ್ಲ್ಯೂಡಿ-40 ಸ್ಪ್ರೇಯನ್ನು ಕೊಳವೆಯಿಂದ ಒಳಕ್ಕೆ ಹಾಯಿಸಿ, ಲಿವರನ್ನು ಹತ್ತಾರು ಸಲ ಒತ್ತಿ. ಕೊಳೆ ಇಳಿದುಬರುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಕೆಲವೊಮ್ಮೆ ಕ್ಲಿಕ್ ಮರಳಲು ಒಂದೆರಡು ದಿನ ಬೇಕಾದೀತು. 1953ರಲ್ಲಿ ಅಮೆರಿಕದಲ್ಲಿ ತಯಾರಾದ ಈ ದ್ರವದ ಮೂಲ ಉದ್ದೇಶ ನೀರನ್ನು ಹೊರದೂಡುವುದಾಗಿತ್ತು. ಗಟ್ಟಿಯಾದ ಗ್ರೀಸನ್ನು ಇದು ಕರಗಿಸುತ್ತದೆ, ಆದರೆ ಉಳಿಯುವ ಎಣ್ಣೆಯ ಪದರ ತೆಳು. ಆದ್ದರಿಂದ ಒಣಗಿದ ಮೇಲೆ ತೆಳುವಾದ ಮೆಷಿನ್ ಆಯಿಲ್ ಕೆಲವೇ ಹನಿ ಬಿಡಿ. ಮತ್ತೆ ದಪ್ಪ ಗ್ರೀಸ್ ತುಂಬಿದರೆ ಹಳೆಯ ತೊಂದರೆಯನ್ನೇ ಕರೆದಂತೆ.

ಅಡುಗೆ ಎಣ್ಣೆ ನಡೆಯುತ್ತದೆಯೇ?
ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿ ತಗುಲಿ ಕ್ರಮೇಣ ಅಂಟಾಗುತ್ತವೆ.

ಎಚ್ಚರಿಕೆ
ಸ್ಪ್ರೇ ಮಾಡುವಾಗ ಚಕ್ರದ ರಿಮ್ ಮತ್ತು ಬ್ರೇಕ್ ರಬ್ಬರ್ ಮೇಲೆ ಬಟ್ಟೆ ಮುಚ್ಚಿ. ಅಲ್ಲಿ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯದೆ ಅಪಘಾತವಾಗಬಹುದು. ಸ್ಪಿರಿಟ್ ಮತ್ತು ಸ್ಪ್ರೇ ಬೇಗ ಹೊತ್ತಿಕೊಳ್ಳುತ್ತವೆ. ಒಲೆ, ದೀಪದಿಂದ ದೂರವಿಡಿ. ಹೊರಡುವ ಮುನ್ನ ಬ್ರೇಕ್ ಪರೀಕ್ಷಿಸಿ.

ನಮ್ಮ ಉತ್ತರ: ‘ಎಣ್ಣೆ ಬಿಡಿ’ ಎಂಬುದು ಎಲ್ಲ ಲಿವರ್‌ಗೂ ಹೊಂದುವ ಸಲಹೆಯಲ್ಲ. ಕ್ಲಿಕ್ ಇಲ್ಲದ್ದರ ವಾಷರ್ ಒಣಗಿರಲಿ. ಕ್ಲಿಕ್ ಇರುವುದನ್ನು ಮೊದಲು ತೊಳೆದು, ಆಮೇಲೆ ಹನಿ ಎಣ್ಣೆ ಬಿಡಿ. ಇಷ್ಟಾದರೂ ಕ್ಲಿಕ್ ಬರದಿದ್ದರೆ ಸ್ಪ್ರಿಂಗ್ ಮುರಿದಿರಬಹುದು ಅಥವಾ ಹಲ್ಲು ಸವೆದಿರಬಹುದು. ಆಗ ಮೆಕ್ಯಾನಿಕ್‌ಗೆ ತೋರಿಸಿ.